ದೊಡ್ಡ ಡಿಸ್ಕು, ಹಳೆಯ ತಂತ್ರಾಂಶ

ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೊರಟರೆ ಉದ್ಯಮಬಾಗ, ಪೀರನವಾಡಿ, ಮಚ್ಛೆಗಳು ಒಂದಾದ ಮೇಲೊಂದು ಬರುತ್ತವೆ. ಅವುಗಳ ಆಚೆಗೆ ದೇಸೂರ. ಲೋಂಡಾ ರೈಲುಮಾರ್ಗದಲ್ಲಿ ಅದೇ ಹೆಸರಿನ ಒಂದು ನಿಲ್ದಾಣವೂ ಉಂಟು. ಈ ಹಾದಿಯಲ್ಲಿ ಎರಕದ ಕಾರ್ಖಾನೆಗಳಿವೆ, ಯಂತ್ರಶಾಲೆಗಳಿವೆ. ೧೯೯೮ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಇದೇ ಕಡೆ ನೆಲೆಸಿದೆ. ಹಾದಿಯ ಆಚೆ ಈಚೆ ಭತ್ತದ ಗದ್ದೆಗಳು. ಗದ್ದೆಯ ಒಡೆಯ, ಕಾರ್ಖಾನೆಯ ಒಡೆಯ, ಕಾಲೇಜಿನ ವಿದ್ಯಾರ್ಥಿ ಈ ಮೂವರ ಜೀವನಕ್ರಮಗಳು ಬೇರೆ ಬೇರೆಯಾದರೂ ಅವರಿಗೆ ಸಮಾನವಾದ ಸಂಗತಿಯೊಂದಿದೆ. ಅವರ ಬಾಳಿಗೆ ಬೇಕಾದ ಬರೆಹವೆಲ್ಲ ಇಂದು ಗಣಕಯಂತ್ರದ ಡಿಸ್ಕಿನ ಮೇಲೆ ಕುಳಿತಿದೆ. ರೈತನ ಪಹಣಿಯನ್ನೇ ನೋಡಿರಿ. ನಮ್ಮ ಭಾಗದಲ್ಲಿ ಉತಾರವೆಂದು ಕರೆಯುವ ಈ ಪತ್ರವು ಮೊದಲು ತಲಾಠಿಯ ಕೈಬರೆಹವಾಗಿತ್ತು. ಈ ಶತಮಾನದ ಆರಂಭದ ಕೆಲವೇ ವರ್ಷಗಳಲ್ಲಿ ಕರ್ನಾಟಕದ ಕಂದಾಯ ಇಲಾಖೆಯು ‘ಭೂಮಿ’ ಯೋಜನೆಯ ಮೂಲಕ ಇಂತಹ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು.

ಸರ್ಕಾರದ ದೊಡ್ಡ ಯಂತ್ರಗಳನ್ನು ನೋಡಿಕೊಳ್ಳುವುದಕ್ಕೆ ತಜ್ಞರಿದ್ದಾರೆ. ಆದರೆ ಊರಿನ ಮುದ್ರಣಾಲಯ, ಛಾಯಾಚಿತ್ರದ ಅಂಗಡಿ, ಸಹಕಾರಿ ಸಂಘ, ಶಾಲೆಯ ಕಚೇರಿ ಇವುಗಳ ಯಂತ್ರಗಳಿಗೆ ಅಂತಹ ಕಾವಲಿಲ್ಲ. ಅಲ್ಲಿ ಹತ್ತು ಹದಿನೈದು ವರ್ಷಗಳ ಹಿಂದಿನ ಗಣಕಯಂತ್ರವು ಹಳೆಯ ತಂತ್ರಾಂಶದೊಡನೆ ಇನ್ನೂ ದುಡಿಯುತ್ತಿರುತ್ತದೆ. ಡಿಸ್ಕು ತುಂಬಿಹೋದಾಗ, ಅಥವಾ ಕೆಟ್ಟಾಗ, ಪೇಟೆಯಿಂದ ಹೊಸದೊಂದನ್ನು ತಂದು ಜೋಡಿಸುತ್ತಾರೆ. ಹೊಸ ಡಿಸ್ಕು ಹಳೆಯದಕ್ಕಿಂತ ಹತ್ತಾರು ಪಾಲು ದೊಡ್ಡದು. ಹಳೆಯ ತಂತ್ರಾಂಶವು ಅಷ್ಟು ದೊಡ್ಡ ಡಿಸ್ಕನ್ನು ಅರಿಯದೆ ಹೋದರೆ ಏನಾದೀತು? ‘ಕೆಲಸ ನಡೆಯುವುದಿಲ್ಲ, ಅಷ್ಟೇ ತಾನೆ?’ ಎಂದು ಹಲವರು ಭಾವಿಸುತ್ತಾರೆ. ಕೆಲಸ ನಡೆಯದೆ ನಿಂತರೆ ಅದು ಭಾಗ್ಯವೇ ಸರಿ. ಕೆಲಸ ನಡೆದಂತೆ ತೋರುತ್ತ, ಬರೆದುದು ತಪ್ಪು ಸ್ಥಳಕ್ಕೆ ಹೋಗುವುದೇ ನಿಜವಾದ ಅಪಾಯ. ಅದು ಹೇಗೆಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಮೂರು ಅಂಕಿಗಳ ಪುಸ್ತಕ

ಮೊದಲು ಒಂದು ಕಲ್ಪನೆ. ದೇಸೂರದಂತಹ ಒಂದು ಊರಿನ ಜಮೀನುಗಳ ಪುಸ್ತಕದಲ್ಲಿ ಸರ್ವೆ ನಂಬರನ್ನು ಬರೆಯುವುದಕ್ಕೆ ಮೂರೇ ಅಂಕಿಗಳ ಮನೆಗಳಿವೆ ಎಂದು ಭಾವಿಸೋಣ. ೦೦೦ ಮೊದಲ್ಗೊಂಡು ೯೯೯ರ ವರೆಗೆ ಒಟ್ಟು ಒಂದು ಸಾವಿರ ಜಮೀನುಗಳಿಗೆ ಇದು ಸಾಕು. ಕಾಲಕ್ರಮದಲ್ಲಿ ಊರಿನ ಸೀಮೆ ಬೆಳೆದು ೧೨೦೪ ಎಂಬ ನಂಬರಿನ ಜಮೀನು ಹುಟ್ಟಿತು. ಗುಮಾಸ್ತನು ‘ಈ ಪುಸ್ತಕದಲ್ಲಿ ಇದಕ್ಕೆ ಸ್ಥಳವಿಲ್ಲ’ ಎಂದು ಹೇಳಿದರೆ ಯಾರಿಗೂ ಹಾನಿಯಿಲ್ಲ. ಆದರೆ ಅವನು ಎಡಗಡೆಯ ೧ನ್ನು ಕೈಬಿಟ್ಟು, ಉಳಿದ ೨೦೪ನ್ನು ಮಾತ್ರ ಮನೆಗಳಲ್ಲಿ ತುಂಬಿ, ೨೦೪ನೆಯ ಪುಟವನ್ನು ತೆರೆದು, ಅಲ್ಲಿದ್ದ ಹೆಸರನ್ನು ಅಳಿಸಿ ಹೊಸ ಹೆಸರನ್ನು ಬರೆದನೆನ್ನಿ. ೨೦೪ರ ರೈತನು ತನ್ನ ಜಮೀನಿನ ದಾಖಲೆಯನ್ನು ಕಳೆದುಕೊಂಡನು. ಆದರೆ ಆ ದಿನ ಅವನಿಗೆ ಅದು ಗೊತ್ತಾಗಲಿಲ್ಲ.

ಇನ್ನೂ ಒಂದು ವಿಚಿತ್ರವನ್ನು ಗಮನಿಸಬೇಕು. ೧೨೦೪ರ ಒಡೆಯನು ಬಂದು ‘ನನ್ನ ಹೆಸರು ಸರಿಯಾಗಿ ದಾಖಲಾಗಿದೆಯೇ?’ ಎಂದು ಕೇಳಿದರೆ, ಗುಮಾಸ್ತನು ಮತ್ತೆ ಅದೇ ರೀತಿ ಎಡಗಡೆಯ ೧ನ್ನು ಬಿಟ್ಟು ೨೦೪ನೆಯ ಪುಟವನ್ನೇ ತೆರೆಯುತ್ತಾನೆ. ಹೆಸರು ಅಲ್ಲಿ ಇದ್ದೇ ಇದೆ! ಬರೆಯುವಾಗ ಆದ ತಪ್ಪೇ ಓದುವಾಗಲೂ ಆಗುವುದರಿಂದ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ. ಹಳೆಯ ತಂತ್ರಾಂಶವು ದೊಡ್ಡ ಡಿಸ್ಕಿನ ಮೇಲೆ ಮಾಡುವ ಅನಾಹುತವು ಬಹುಮಟ್ಟಿಗೆ ಇದೇ ಆಗಿದೆ.

ಡಿಸ್ಕಿನೊಳಗಿನ ವಿಳಾಸ

ಹಾರ್ಡ್ ಡಿಸ್ಕು ಎಂದರೆ ಕಾಂತೀಯ ಲೇಪವಿರುವ ಒಂದು ಅಥವಾ ಹಲವು ತಟ್ಟೆಗಳ ಪೆಟ್ಟಿಗೆ. ೧೯೫೬ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ರಾಮಾಕ್ ಎಂಬ ಯಂತ್ರದಲ್ಲಿ ೨೪ ಅಂಗುಲ ವ್ಯಾಸದ ೫೦ ತಟ್ಟೆಗಳಿದ್ದವು. ಅಷ್ಟೂ ಸೇರಿ ೫೦ ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದವು. ಇಂದು ಅಂಗೈಯಗಲದ ಡಿಸ್ಕು ಲಕ್ಷ ಕೋಟಿಗಟ್ಟಲೆ ಅಕ್ಷರಗಳನ್ನು ಹಿಡಿಯುತ್ತದೆ. ಗಾತ್ರ ಎಷ್ಟೇ ಇರಲಿ, ಡಿಸ್ಕಿನ ಮೇಲಿನ ಸ್ಥಳವನ್ನು ಸಣ್ಣ ಸಣ್ಣ ಹೊಲಗಳಂತೆ ಭಾಗಮಾಡಿರುತ್ತಾರೆ. ಇವುಗಳಿಗೆ ಸೆಕ್ಟರುಗಳೆಂದು ಹೆಸರು. ಒಂದೊಂದು ಸೆಕ್ಟರಿನಲ್ಲಿ ೫೧೨ ಬೈಟುಗಳು ಹಿಡಿಸುವುದು ದೀರ್ಘಕಾಲದ ಕ್ರಮ. ಸೊನ್ನೆಯಿಂದ ಆರಂಭಿಸಿ ಪ್ರತಿಯೊಂದು ಸೆಕ್ಟರಿಗೂ ಒಂದು ಕ್ರಮಸಂಖ್ಯೆಯುಂಟು. ಅದೇ ಅದರ ವಿಳಾಸ.

ನಾವು ಒಂದು ಕಡತವನ್ನು ಉಳಿಸಿದಾಗ ವ್ಯವಸ್ಥಾ ತಂತ್ರಾಂಶವು ‘ಇದನ್ನು ಇಂತಿಂತಹ ಸಂಖ್ಯೆಯ ಸೆಕ್ಟರುಗಳಲ್ಲಿ ಬರೆ’ ಎಂದು ಡಿಸ್ಕಿಗೆ ಆಜ್ಞೆ ಮಾಡುತ್ತದೆ. ವಿಂಡೋಸ್, ಲಿನಕ್ಸ್ ಮೊದಲಾದವು ಇಂತಹ ವ್ಯವಸ್ಥಾ ತಂತ್ರಾಂಶಗಳು. ಆಜ್ಞೆಯಲ್ಲಿ ವಿಳಾಸವನ್ನು ಬರೆಯುವುದಕ್ಕೆ ಗೊತ್ತಾದಷ್ಟು ಮನೆಗಳಿರುತ್ತವೆ. ಒಂದೊಂದು ಮನೆಯಲ್ಲಿ ೦ ಅಥವಾ ೧ ಎಂಬ ಎರಡರಲ್ಲೊಂದು ಅಂಕಿ ಮಾತ್ರ ಕುಳಿತುಕೊಳ್ಳಬಲ್ಲದು. ಈ ಮನೆಗೆ ಬಿಟ್ ಎಂದು ಹೆಸರು. ಒಂದು ಮನೆ ಹೆಚ್ಚಿದಾಗಲೆಲ್ಲ ಬರೆಯಬಹುದಾದ ವಿಳಾಸಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ೧೦ ಬಿಟ್‌ಗಳಿಂದ ೧,೦೨೪. ೨೦ ಬಿಟ್‌ಗಳಿಂದ ೧೦,೪೮,೫೭೬.

೨೮ ಬಿಟ್‌ಗಳ ಬೇಲಿ

ಮನೆಯ ಗಣಕಯಂತ್ರಗಳ ಡಿಸ್ಕುಗಳಿಗೆ ೧೯೯೦ರ ದಶಕದಲ್ಲಿ ಬಳಕೆಗೆ ಬಂದ ಆಜ್ಞಾಕ್ರಮದಲ್ಲಿ ವಿಳಾಸಕ್ಕೆ ೨೮ ಬಿಟ್‌ಗಳಿದ್ದವು. ಇದರಿಂದ ೨೬,೮೪,೩೫,೪೫೬ ವಿಳಾಸಗಳು ದೊರೆಯುತ್ತವೆ. ಇದನ್ನು ೫೧೨ರಿಂದ ಗುಣಿಸಿದರೆ ೧,೩೭,೪೩,೮೯,೫೩,೪೭೨ ಬೈಟುಗಳು. ಎಂದರೆ ಸುಮಾರು ೧೩೭ ಗಿಗಾಬೈಟು. ಡಿಸ್ಕುಗಳು ನೂರಾರು ಮೆಗಾಬೈಟುಗಳಷ್ಟಿದ್ದ ಕಾಲದಲ್ಲಿ ಈ ಎಲ್ಲೆಯು ಕ್ಷಿತಿಜದಷ್ಟು ದೂರವಿತ್ತು. ಆದರೆ ೨೦೦೧ರಲ್ಲಿಯೇ ೧೬೦ ಗಿಗಾಬೈಟಿನ ಡಿಸ್ಕು ಮಾರುಕಟ್ಟೆಗೆ ಬಂದಿತು. ಆಗ ವಿಳಾಸಕ್ಕೆ ೪೮ ಬಿಟ್‌ಗಳಿರುವ ಹೊಸ ಕ್ರಮವನ್ನು ರೂಪಿಸಿದರು. ಇದರ ಎಲ್ಲೆಯು ಹದಿನಾಲ್ಕು ಕೋಟಿ ಗಿಗಾಬೈಟಿಗೂ ಮೀರಿದುದು.

ಡಿಸ್ಕು ಬದಲಾದರೆ ಸಾಲದು. ಆಜ್ಞೆ ಕೊಡುವ ತಂತ್ರಾಂಶವೂ ಬದಲಾಗಬೇಕು. ವಿಂಡೋಸ್ ೯೮ಕ್ಕೆ ೪೮ ಬಿಟ್‌ಗಳ ಕ್ರಮವು ತಿಳಿಯದು. ವಿಂಡೋಸ್ ೨೦೦೦ಕ್ಕೆ ಮೂರನೆಯ ಸೇವಾ ತಿದ್ದುಪಡಿಯಲ್ಲಿ ಇದನ್ನು ಸೇರಿಸಿದರು. ಆಗಲೂ ಅದನ್ನು ಬಳಕೆದಾರನೇ ಬೇರೆಯಾಗಿ ಜಾರಿಗೆ ತರಬೇಕಾಗಿತ್ತು. ೨೦೦೧ರಲ್ಲಿ ಹೊರಬಂದ ವಿಂಡೋಸ್ ಎಕ್ಸ್‌ಪಿಯ ಮೂಲ ಪ್ರತಿಯಲ್ಲಿಯೂ ಈ ಕ್ರಮವು ಜಾರಿಯಲ್ಲಿರಲಿಲ್ಲ. ೨೦೦೨ರ ಮೊದಲನೆಯ ಸೇವಾ ತಿದ್ದುಪಡಿಯಲ್ಲಿ ಅದು ನೆಲೆಗೊಂಡಿತು.

ಈಗ ೧೬೦ ಗಿಗಾಬೈಟಿನ ಡಿಸ್ಕಿನ ಮೇಲೆ ಈ ತಿದ್ದುಪಡಿಯಿಲ್ಲದ ತಂತ್ರಾಂಶವು ಕೆಲಸ ಮಾಡುತ್ತಿದೆ ಎಂದುಕೊಳ್ಳೋಣ. ಇಂತಹ ತಂತ್ರಾಂಶವು ಖಾಲಿ ಡಿಸ್ಕನ್ನು ತಾನೇ ಭಾಗಮಾಡುವಾಗ ಅನೇಕ ವೇಳೆ ೧೩೭ ಗಿಗಾಬೈಟನ್ನು ಮಾತ್ರ ಕಂಡು, ಉಳಿದುದನ್ನು ಬಿಟ್ಟುಬಿಡುತ್ತದೆ. ಅದರಿಂದ ಸ್ಥಳ ವ್ಯರ್ಥವಾಗಬಹುದೇ ಹೊರತು ಬರೆಹ ಹಾಳಾಗದು. ಆದರೆ ಡಿಸ್ಕನ್ನು ಹೊಸ ಯಂತ್ರದಲ್ಲಿ ಪೂರ್ತಿಯಾಗಿ ಒಂದೇ ಭಾಗವೆಂದು ಸಿದ್ಧಪಡಿಸಿ ಹಳೆಯ ಯಂತ್ರಕ್ಕೆ ತಂದು ಜೋಡಿಸಿದರೆ ಸಂಗತಿ ಬೇರೆ. ಭಾಗದ ಗಾತ್ರವು ಡಿಸ್ಕಿನ ಮೇಲೆಯೇ ೧೬೦ ಎಂದು ಬರೆದಿರುವುದರಿಂದ ತಂತ್ರಾಂಶವು ಅದನ್ನು ನಂಬುತ್ತದೆ. ಬೇಲಿಯಿಂದ ನೂರು ಸೆಕ್ಟರುಗಳಾಚೆ, ಎಂದರೆ ೨೬,೮೪,೩೫,೫೫೬ನೆಯ ವಿಳಾಸದಲ್ಲಿ ಬರೆಯಬೇಕಾಗಿ ಬರುತ್ತದೆ. ಇದಕ್ಕೆ ೨೯ ಬಿಟ್‌ಗಳು ಬೇಕು, ಮನೆಗಳಿರುವುದು ೨೮. ಎಡಗಡೆಯ ೧ ಬಿದ್ದುಹೋಗಿ, ಡಿಸ್ಕಿಗೆ ತಲಪುವ ಆಜ್ಞೆ ‘೧೦೦ನೆಯ ಸೆಕ್ಟರಿನಲ್ಲಿ ಬರೆ’ ಎಂದಾಗುತ್ತದೆ. ಡಿಸ್ಕು ವಿಧೇಯವಾಗಿ ಬರೆಯುತ್ತದೆ.

ಡಿಸ್ಕಿನ ಆರಂಭದಲ್ಲಿ ಏನಿದೆ ಎಂಬುದನ್ನು ನೆನೆದರೆ ಈ ಹಾನಿಯ ಘೋರತೆ ತಿಳಿಯುತ್ತದೆ. ಸೊನ್ನೆಯ ಸೆಕ್ಟರಿನಲ್ಲಿ ಡಿಸ್ಕಿನ ಭಾಗಗಳ ಪಟ್ಟಿಯಿದೆ. ಫ್ಯಾಟ್ ಎಂಬ ಹಳೆಯ ಪದ್ಧತಿಯಲ್ಲಿ ಅದಕ್ಕೆ ಸಮೀಪದಲ್ಲಿಯೇ, ಯಾವ ಕಡತದ ತುಣುಕುಗಳು ಎಲ್ಲೆಲ್ಲಿ ಇವೆ ಎಂಬ ಸೂಚಿಯಿದೆ. ಒಂದು ಪುಟ ಹರಿದರೆ ಒಂದು ಪುಟವೇ ಹೋಯಿತು; ಇಲ್ಲಿಯಾದರೋ ಇಡೀ ಗ್ರಂಥಾಲಯದ ಸೂಚಿಯೇ ಹೋಗುತ್ತದೆ. ಪುಸ್ತಕಗಳು ಕಪಾಟಿನಲ್ಲಿದ್ದರೂ ಹುಡುಕುವ ದಾರಿ ಇಲ್ಲದಂತಾಗುತ್ತದೆ.

ಅಪಾಯ ತಡವಾಗಿ ಕಾಣುವುದೇಕೆ?

ಯಾವ ರೋಗವಾದರೂ ಮೊದಲ ದಿನವೇ ನೋವು ಕೊಟ್ಟರೆ ಮನುಷ್ಯನು ವೈದ್ಯನ ಬಳಿಗೆ ಹೋಗುತ್ತಾನೆ. ಈ ದೋಷವು ಹಾಗಲ್ಲ. ಹೊಸ ಡಿಸ್ಕು ಮೊದಲು ಬರಿದಾಗಿರುತ್ತದೆ. ಕಡತಗಳು ಬಹುಮಟ್ಟಿಗೆ ಆರಂಭದ ಭಾಗದಲ್ಲಿ ಸೇರುತ್ತ ಹೋಗುತ್ತವೆ. ಆ ಭಾಗದಲ್ಲಿ ವಿಳಾಸಗಳೆಲ್ಲ ೨೮ ಬಿಟ್‌ಗಳೊಳಗೆ ಹಿಡಿಸುವುದರಿಂದ ಯಂತ್ರವು ಚೆನ್ನಾಗಿಯೇ ನಡೆಯುತ್ತದೆ. ಛಾಯಾಚಿತ್ರದ ಅಂಗಡಿಯವನು ಮದುವೆಯ ಹಂಗಾಮಿನಲ್ಲಿ ನೂರಾರು ಸಮಾರಂಭಗಳ ಚಿತ್ರಗಳನ್ನು ತುಂಬುತ್ತ ಹೋಗಿ, ಯಾವುದೋ ಒಂದು ದಿನ ಬೇಲಿಯನ್ನು ದಾಟುತ್ತಾನೆ. ಆ ದಿನ ಬರೆದ ಹೊಸ ಚಿತ್ರಗಳು ಹಳೆಯ ಸೂಚಿಯ ಮೇಲೆ ಬೀಳುತ್ತವೆ. ಮಾರನೆಯ ದಿನ ಯಂತ್ರವು ಏಳುವುದೇ ಇಲ್ಲ. ಅಂಗಡಿಯವನು ಡಿಸ್ಕು ಕೆಟ್ಟಿತೆಂದು ತಿಳಿದು ಅದನ್ನೇ ಶಪಿಸುತ್ತಾನೆ; ಡಿಸ್ಕು ಮಾತ್ರ ಹೇಳಿದ ಆಜ್ಞೆಯನ್ನು ಚಾಚೂ ತಪ್ಪದೆ ನಡೆಸಿದೆ.

ತಪ್ಪು ಸ್ಥಳದಲ್ಲಿ ಬರೆದ ಕಡತವನ್ನು ಆ ಕ್ಷಣವೇ ತೆರೆದು ನೋಡಿದರೂ ಅದು ಸರಿಯಾಗಿ ತೆರೆದುಕೊಳ್ಳಬಹುದು. ಮೂರು ಅಂಕಿಗಳ ಗುಮಾಸ್ತನ ಉದಾಹರಣೆಯನ್ನು ಇಲ್ಲಿ ನೆನೆಯಬೇಕು. ಆದುದರಿಂದ ಬರೆದ ಯಂತ್ರದಲ್ಲಿಯೇ ಮಾಡಿದ ಪರೀಕ್ಷೆಯು ಪರೀಕ್ಷೆಯಲ್ಲ. ಬೇರೆ ಯಂತ್ರಕ್ಕೆ ಜೋಡಿಸಿ ಓದಿದಾಗ ಮಾತ್ರ ನಿಜಸ್ಥಿತಿ ತಿಳಿಯುತ್ತದೆ.

ಎರಡನೆಯ ಬೇಲಿ

೧೩೭ ಗಿಗಾಬೈಟಿನ ಬೇಲಿಯನ್ನು ದಾಟಿದವರಿಗೆ ಮುಂದೆ ಇನ್ನೊಂದು ಬೇಲಿ ಕಾದಿದೆ. ಡಿಸ್ಕಿನ ಭಾಗಗಳ ಪಟ್ಟಿಯನ್ನು ಬರೆಯುವ ಹಳೆಯ ಕ್ರಮಕ್ಕೆ ಎಂಬಿಆರ್ ಎಂದು ಹೆಸರು. ಅದರಲ್ಲಿ ಸೆಕ್ಟರಿನ ಸಂಖ್ಯೆಗೆ ೩೨ ಬಿಟ್‌ಗಳಿವೆ. ಇದರಿಂದ ದೊರೆಯುವ ವಿಳಾಸಗಳು ೪,೨೯,೪೯,೬೭,೨೯೬. ೫೧೨ ಬೈಟಿನ ಸೆಕ್ಟರುಗಳಾದರೆ ಒಟ್ಟು ಸುಮಾರು ೨.೨ ಟೆರಾಬೈಟು. ಇದಕ್ಕಿಂತ ದೊಡ್ಡ ಡಿಸ್ಕುಗಳಿಗಾಗಿ ಜಿಪಿಟಿ ಎಂಬ ಹೊಸ ಪಟ್ಟಿಯ ಕ್ರಮವು ಬಂದಿತು. ೩೨ ಬಿಟ್‌ಗಳ ವಿಂಡೋಸ್ ಎಕ್ಸ್‌ಪಿಗೆ ಜಿಪಿಟಿಯು ಓದಲು ಬಾರದ ಲಿಪಿ.

ಹಳೆಯ ಚಾಲಕ ತಂತ್ರಾಂಶವಿದ್ದ ಯಂತ್ರಗಳಿಗೆ ೩ ಟೆರಾಬೈಟಿನ ಡಿಸ್ಕನ್ನು ಜೋಡಿಸಿದಾಗ ಪರದೆಯ ಮೇಲೆ ‘೭೪೬’ ಎಂಬ ಗಾತ್ರ ಕಾಣಿಸಿಕೊಂಡು ಅನೇಕರನ್ನು ಬೆರಗುಗೊಳಿಸಿತು. ೩ ಸಾವಿರವೆಲ್ಲಿ, ೭೪೬ ಎಲ್ಲಿ? ಲೆಕ್ಕವು ನಮ್ಮ ಕೈಯಲ್ಲಿಯೇ ಇದೆ. ಅಂತಹ ಡಿಸ್ಕಿನಲ್ಲಿ ೫,೮೬,೦೫,೩೩,೧೬೮ ಸೆಕ್ಟರುಗಳಿರುತ್ತವೆ. ಇದರಿಂದ ೩೨ ಬಿಟ್‌ಗಳ ಎಲ್ಲೆಯಾದ ೪,೨೯,೪೯,೬೭,೨೯೬ನ್ನು ಕಳೆದರೆ ಉಳಿಯುವುದು ೧,೫೬,೫೫,೬೫,೮೭೨ ಸೆಕ್ಟರುಗಳು. ೫೧೨ರಿಂದ ಗುಣಿಸಿದರೆ ಸುಮಾರು ೮೦,೧೫೭ ಕೋಟಿ ಬೈಟುಗಳು. ವಿಂಡೋಸ್ ತಂತ್ರಾಂಶವು ಒಂದು ಗಿಗಾಬೈಟನ್ನು ನೂರು ಕೋಟಿಯೆಂದೆಣಿಸದೆ ೧,೦೨೪ರ ಘನವೆಂದು, ಎಂದರೆ ೧೦೭,೩೭,೪೧,೮೨೪ ಎಂದು, ಎಣಿಸುತ್ತದೆ. ಅದರಿಂದ ಭಾಗಿಸಿದರೆ ಬರುವುದು ಸರಿಯಾಗಿ ೭೪೬ ಚಿಲ್ಲರೆ. ಎಡಗಡೆಯ ಅಂಕಿ ಬಿದ್ದುಹೋದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕೆ? ಇಂತಹ ಡಿಸ್ಕಿನ ಗಾತ್ರವು ವಿಚಿತ್ರವಾಗಿ ಕಡಮೆ ಕಂಡರೆ, ಅದರ ಮೇಲೆ ಒಂದಕ್ಷರವನ್ನೂ ಬರೆಯದೆ ನಿಲ್ಲಿಸುವುದೇ ಜಾಣತನ.

ಇನ್ನೊಂದು ಬಗೆಯ ತೊಂದರೆಯೂ ಉಂಟು. ಸುಮಾರು ೨೦೧೦ರಿಂದ ಈಚೆಗೆ ಬಂದ ಅನೇಕ ಡಿಸ್ಕುಗಳು ಒಳಗೆ ೪,೦೯೬ ಬೈಟಿನ ದೊಡ್ಡ ಸೆಕ್ಟರುಗಳನ್ನು ಇಟ್ಟುಕೊಂಡು, ಹೊರಗೆ ಮಾತ್ರ ೫೧೨ರದೆಂದು ತೋರಿಸಿಕೊಳ್ಳುತ್ತವೆ. ಎಂಟು ಸಣ್ಣ ಸೆಕ್ಟರುಗಳಿಗೆ ಒಂದು ದೊಡ್ಡದು. ಎಕ್ಸ್‌ಪಿಯು ಮೊದಲನೆಯ ಭಾಗವನ್ನು ೬೩ನೆಯ ಸೆಕ್ಟರಿನಿಂದ ಆರಂಭಿಸುತ್ತದೆ. ೬೩ ಎಂಟರಿಂದ ಭಾಗವಾಗದು. ಹೀಗಾಗಿ ಬರೆಹದ ಒಂದೊಂದು ತುಂಡೂ ಎರಡು ದೊಡ್ಡ ಸೆಕ್ಟರುಗಳ ಬದುವಿನ ಮೇಲೆ ಬೀಳುತ್ತದೆ. ಸ್ವಲ್ಪ ಬರೆಯುವುದಕ್ಕೂ ಡಿಸ್ಕು ಎರಡು ಸೆಕ್ಟರುಗಳನ್ನು ಪೂರ್ತಿ ಓದಿ, ತಿದ್ದಿ, ಮತ್ತೆ ಬರೆಯಬೇಕು. ಬರೆಹ ಹಾಳಾಗದಿದ್ದರೂ ಡಿಸ್ಕು ನಿಧಾನವಾಗುತ್ತದೆ.

ಬೆಂಬಲವಿಲ್ಲ ಎಂದರೇನು?

ದೋಷವಿಲ್ಲದ ತಂತ್ರಾಂಶವು ಇಲ್ಲ. ತಯಾರಿಸಿದವರು ದೋಷಗಳನ್ನು ಕಂಡಂತೆಲ್ಲ ತಿದ್ದಿ ಕಳುಹಿಸುತ್ತಿರುವ ಅವಧಿಗೆ ಬೆಂಬಲದ ಅವಧಿಯೆನ್ನುತ್ತಾರೆ. ವಿಂಡೋಸ್ ೯೮ಕ್ಕೆ ಈ ಬೆಂಬಲವು ೨೦೦೬ರ ಜುಲೈಯಲ್ಲಿ ನಿಂತಿತು. ವಿಂಡೋಸ್ ೨೦೦೦ಕ್ಕೆ ೨೦೧೦ರ ಜುಲೈಯಲ್ಲಿ. ಎಕ್ಸ್‌ಪಿಗೆ ೨೦೧೪ರ ಏಪ್ರಿಲ್ ೮ರಂದು. ವಿಂಡೋಸ್ ೭ಕ್ಕೆ ೨೦೨೦ರ ಜನವರಿ ೧೪ರಂದು. ವಿಂಡೋಸ್ ೧೦ಕ್ಕೆ ೨೦೨೫ರ ಅಕ್ಟೋಬರ್ ೧೪ರಂದು. ಆ ದಿನದಿಂದ ತಂತ್ರಾಂಶವು ಓಡುವುದನ್ನೇನೂ ನಿಲ್ಲಿಸುವುದಿಲ್ಲ. ಆದರೆ ಅದು ಹುಟ್ಟಿದ ಕಾಲದ ಲೋಕವನ್ನಷ್ಟೇ ಅರಿತು ಅಲ್ಲಿಯೇ ನಿಲ್ಲುತ್ತದೆ. ಡಿಸ್ಕುಗಳ ಲೋಕವು ಮುಂದೆ ಸಾಗುತ್ತದೆ. ಇವೆರಡರ ನಡುವಿನ ಅಂತರವೇ ಅಪಾಯದ ಮೂಲ.

ಇದರಲ್ಲಿ ಎಚ್ಚರ ತಪ್ಪುವ ಘಟ್ಟವೊಂದುಂಟು. ತಿದ್ದುಪಡಿಗಳೆಲ್ಲ ಸೇರಿದ್ದ ಎಕ್ಸ್‌ಪಿ ಯಂತ್ರವು ವರ್ಷಗಟ್ಟಲೆ ದೊಡ್ಡ ಡಿಸ್ಕಿನ ಮೇಲೆ ಸರಿಯಾಗಿ ನಡೆದಿರುತ್ತದೆ. ಒಂದು ದಿನ ಅದು ಕೆಡುತ್ತದೆ. ದುರಸ್ತಿಯವನು ೨೦೦೧ರ ಮೂಲ ತಟ್ಟೆಯಿಂದ ತಂತ್ರಾಂಶವನ್ನು ಹೊಸದಾಗಿ ತುಂಬುತ್ತಾನೆ. ಯಂತ್ರವೂ ಅದೇ, ಡಿಸ್ಕೂ ಅದೇ, ತಂತ್ರಾಂಶದ ಹೆಸರೂ ಅದೇ. ಆದರೆ ೪೮ ಬಿಟ್‌ಗಳ ತಿಳಿವು ಮಾತ್ರ ಮಾಯವಾಗಿದೆ. ‘ದುರಸ್ತಿಯಾಯಿತು’ ಎಂದು ಎಲ್ಲರೂ ನೆಮ್ಮದಿಯಿಂದಿರುವಾಗಲೇ ಹಾನಿಯು ಆರಂಭವಾಗಿರುತ್ತದೆ.

ಹಾಗಾದರೆ ಜನರು ಹಳೆಯದನ್ನು ಏಕೆ ಬಿಡುವುದಿಲ್ಲ? ಇದನ್ನು ಬರಿಯ ಜಿಪುಣತನವೆಂದು ತಳ್ಳಿಹಾಕಲಾಗದು. ಕನ್ನಡದ ಅಚ್ಚಿನ ಕೆಲಸವು ದೀರ್ಘಕಾಲ ಪೇಜ್‌ಮೇಕರ್ ಎಂಬ ತಂತ್ರಾಂಶವನ್ನು ನೆಚ್ಚಿತ್ತು. ಅದರ ಏಳನೆಯ ಆವೃತ್ತಿಯು ೨೦೦೧ರಲ್ಲಿ ಬಂದಿತು, ಅದರ ಮುಂದಿನದು ಬರಲಿಲ್ಲ. ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರಗಳಲ್ಲಿ ಜೋಡಿಸಿದ ಪುಸ್ತಕಗಳೂ ಲಗ್ನಪತ್ರಿಕೆಗಳೂ ಹೊಸ ಯಂತ್ರಗಳಲ್ಲಿ ಒಮ್ಮೊಮ್ಮೆ ಚೆಲ್ಲಾಪಿಲ್ಲಿಯಾಗುತ್ತವೆ. ಕಾರ್ಖಾನೆಯ ದುಬಾರಿ ಯಂತ್ರವೊಂದರ ನಿಯಂತ್ರಕವು ಹಳೆಯ ವಿಂಡೋಸಿನೊಡನೆ ಮಾತ್ರ ಮಾತನಾಡುವುದೂ ಉಂಟು. ಇಂತಹವರಿಗೆ ‘ಎಲ್ಲವನ್ನೂ ಎಸೆಯಿರಿ’ ಎಂಬ ಉಪದೇಶವು ನಿಷ್ಪ್ರಯೋಜಕ. ಹಳೆಯದನ್ನು ಇಟ್ಟುಕೊಂಡೇ ಹಾನಿಯನ್ನು ತಪ್ಪಿಸುವುದು ಹೇಗೆಂದು ಹೇಳಬೇಕು.

ಮಾಡಬೇಕಾದುದೇನು?

ಒಂದನೆಯದಾಗಿ, ಹಳೆಯ ತಂತ್ರಾಂಶಕ್ಕೆ ಅದು ಅರಿಯಬಲ್ಲ ಗಾತ್ರದ ಡಿಸ್ಕನ್ನೇ ಕೊಡಬೇಕು. ವಿಂಡೋಸ್ ೯೮ ಅಥವಾ ತಿದ್ದುಪಡಿಯಿಲ್ಲದ ಎಕ್ಸ್‌ಪಿಗೆ ೧೨೦ ಗಿಗಾಬೈಟನ್ನು ಮೀರದ ಡಿಸ್ಕು ಸುರಕ್ಷಿತ. ತಿದ್ದುಪಡಿಗಳಿರುವ ಎಕ್ಸ್‌ಪಿಗೆ ೨ ಟೆರಾಬೈಟು ಕೊನೆಯ ಮೇರೆ. ತಂತ್ರಾಂಶವಲ್ಲದೆ, ಯಂತ್ರವನ್ನು ಎಬ್ಬಿಸುವ ಬಯಾಸ್ ಎಂಬ ಮೂಲಕ್ರಮವೂ ಆ ಗಾತ್ರವನ್ನು ಅರಿತಿರಬೇಕು.

ಎರಡನೆಯದಾಗಿ, ದೊಡ್ಡ ಡಿಸ್ಕನ್ನು ಹೊಸ ಯಂತ್ರಕ್ಕೆ ಜೋಡಿಸಿ, ಹಳೆಯ ಯಂತ್ರವು ತಂತಿಯ ಮೂಲಕ ಅದರಿಂದ ಕಡತಗಳನ್ನು ಬೇಡಿ ಪಡೆಯುವಂತೆ ಮಾಡಬಹುದು. ಆಗ ಸೆಕ್ಟರಿನ ಲೆಕ್ಕವೆಲ್ಲ ಹೊಸ ಯಂತ್ರದ ಪಾಲಿಗೆ. ಹಳೆಯದು ಕಡತದ ಹೆಸರನ್ನು ಹೇಳಿದರೆ ಸಾಕು. ಆದರೆ ಹಳೆಯ ಯಂತ್ರವನ್ನು ಅಂತರಜಾಲಕ್ಕೆ ಮಾತ್ರ ತೆರೆದಿಡಬಾರದು. ಬೆಂಬಲವಿಲ್ಲದ ತಂತ್ರಾಂಶದ ಬಿರುಕುಗಳನ್ನು ಮುಚ್ಚುವವರಿಲ್ಲ.

ಮೂರನೆಯದಾಗಿ, ಅಪರಿಚಿತ ಡಿಸ್ಕನ್ನು ಜೋಡಿಸಿದಾಗ ‘ಇದನ್ನು ಹೊಸದಾಗಿ ಸಿದ್ಧಪಡಿಸಲೇ?’ ಎಂದು ಯಂತ್ರವು ಕೇಳಿದರೆ ಒಪ್ಪಬಾರದು. ಹಳೆಯ ತಂತ್ರಾಂಶಕ್ಕೆ ಓದಲು ಬಾರದ ಡಿಸ್ಕು ಅದರ ಕಣ್ಣಿಗೆ ಬರಿಯ ಡಿಸ್ಕಾಗಿಯೇ ತೋರಬಹುದು. ಒಪ್ಪಿಗೆ ಕೊಟ್ಟರೆ ತುಂಬಿದ ಕಣಜವನ್ನು ಖಾಲಿಯೆಂದು ತಿಳಿದು ಗುಡಿಸಿದಂತಾಗುತ್ತದೆ.

ನಾಲ್ಕನೆಯದಾಗಿ, ಪ್ರತಿಗಳು. ಮುಖ್ಯವಾದುದರ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಅವುಗಳಲ್ಲೊಂದು ಬೇರೆ ಕಟ್ಟಡದಲ್ಲಿರಲಿ. ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿದ ಮೇಲೆಯೇ ಅದನ್ನು ಪ್ರತಿಯೆಂದು ಎಣಿಸಬೇಕು.

ಐದನೆಯದಾಗಿ, ಹಾನಿಯು ನಡೆದಿದೆ ಎಂಬ ಸಂಶಯ ಬಂದರೆ ಯಂತ್ರವನ್ನು ಕೂಡಲೇ ನಿಲ್ಲಿಸಬೇಕು. ಡಿಸ್ಕನ್ನು ‘ಸರಿಪಡಿಸುವ’ ಹಳೆಯ ಉಪಕರಣಗಳನ್ನು ಓಡಿಸಬಾರದು. ಅವೂ ಅದೇ ೨೮ ಬಿಟ್‌ಗಳ ಕಣ್ಣಿನಿಂದ ನೋಡಿ, ಉಳಿದುದನ್ನೂ ಕೆಡಿಸಿಯಾವು. ಡಿಸ್ಕನ್ನು ಹೊಸ ಯಂತ್ರಕ್ಕೆ ಜೋಡಿಸಿ, ಅದರ ಮೇಲೆ ಏನನ್ನೂ ಬರೆಯದೆ, ಮೊದಲು ಪೂರ್ಣ ಪ್ರತಿಯನ್ನು ತೆಗೆಯಬೇಕು. ಉದ್ಧಾರದ ಪ್ರಯತ್ನವೆಲ್ಲ ಆ ಪ್ರತಿಯ ಮೇಲೆ ನಡೆಯಲಿ.

ಬೆಳಗಾವಿ, ಖಾನಾಪುರಗಳ ಕಾಲೇಜುಗಳಲ್ಲಿ ಓದುತ್ತಿರುವ ತರುಣರು ಈ ವಿಷಯದಲ್ಲಿ ತಮ್ಮ ಊರಿಗೆ ನೆರವಾಗಬಲ್ಲರು. ಊರಿನ ಶಾಲೆಗೋ ಸಂಘಕ್ಕೋ ಹೋಗಿ ಮೂರು ಸಂಗತಿಗಳನ್ನು ಕೇಳಿ ಬರೆದುಕೊಂಡರೆ ಸಾಕು: ಯಂತ್ರದ ತಂತ್ರಾಂಶ ಯಾವುದು ಮತ್ತು ಅದರ ಸೇವಾ ತಿದ್ದುಪಡಿ ಎಷ್ಟನೆಯದು, ಡಿಸ್ಕಿನ ಮೇಲಿನ ಚೀಟಿಯಲ್ಲಿ ಅಚ್ಚಾದ ಗಾತ್ರವೆಷ್ಟು, ಪರದೆಯು ತೋರಿಸುವ ಗಾತ್ರವೆಷ್ಟು. ಕೊನೆಯ ಎರಡು ಸಂಖ್ಯೆಗಳಲ್ಲಿ ಶೇಕಡಾ ೭ರಿಂದ ೯ರಷ್ಟು ವ್ಯತ್ಯಾಸವಿದ್ದರೆ ಅದು ಗಿಗಾಬೈಟು, ಟೆರಾಬೈಟುಗಳನ್ನು ಎಣಿಸುವ ಕ್ರಮದಿಂದ ಬಂದುದು. ಅದಕ್ಕಿಂತ ಬಹಳ ಹೆಚ್ಚಿದ್ದರೆ ಕಾರಣವನ್ನು ಹುಡುಕಲೇಬೇಕು.

ಅಭ್ಯಾಸ

ವಾಚಕರು ತಾವೇ ಮಾಡಿ ನೋಡಬಹುದಾದ ಒಂದು ಲೆಕ್ಕ: ೪ ಟೆರಾಬೈಟಿನ ಡಿಸ್ಕೊಂದರಲ್ಲಿ ೭,೮೧,೪೦,೩೭,೧೬೮ ಸೆಕ್ಟರುಗಳಿವೆ. ೩೨ ಬಿಟ್‌ಗಳಿಗಿಂತ ಹೆಚ್ಚು ಅರಿಯದ ಚಾಲಕ ತಂತ್ರಾಂಶವು ಎಡಗಡೆಯ ಅಂಕಿಯನ್ನು ಬಿಟ್ಟುಬಿಟ್ಟರೆ ಅದು ಎಷ್ಟು ಗಾತ್ರದ್ದಾಗಿ ಕಾಣುವುದು? ಉತ್ತರ: ನೂರು ಕೋಟಿ ಬೈಟಿನ ಗಿಗಾಬೈಟುಗಳಲ್ಲಿ ಸುಮಾರು ೧,೮೦೨, ೧,೦೨೪ರ ಘನದ ಎಣಿಕೆಯಲ್ಲಿ ಸುಮಾರು ೧,೬೭೮.